ಹೊಟ್ಟೆ ಹಿಡ್ಕೊಂಡವರು

ಮಾರ್ಚ್ 3, ಸೋಮವಾರ

ಹದಿನೆಂಟು ವರ್ಷ ಊರವರಿಗೆಲ್ಲ ಹೊಲಿದು ಕೊಟ್ಟೆ. ಈಗ ನನಗೇ ಹೊಲಿಗೆ ಹಾಕಿ ಮನೆಗೆ ಕಳಿಸಿದ್ದಾರೆ.

ಡಾಕ್ಟರಮ್ಮ ಸಮಾಧಾನದಿಂದ ವಿವರಿಸಿದರು. ಗರ್ಭಕೋಶದ ಬಾಯಿ ಸಡಿಲವಂತೆ, ಮಗು ಬೆಳೆದ ಹಾಗೆ ಭಾರ ತಡೆಯುವುದಿಲ್ಲವಂತೆ. ಅದಕ್ಕೇ ಸುತ್ತಲೂ ಒಂದು ಹೊಲಿಗೆ ಓಡಿಸಿ ಬಿಗಿದಿದ್ದಾರೆ. ಅಂದರೆ ನಾವು ಲಾಡಿ ಪೋಣಿಸಿ ಗಂಟು ಹಾಕುವುದಿಲ್ಲವೇ, ಹಾಗೆ.

"ಕಚ್ಚಾ ಹೊಲಿಗೆನೋ ಪಕ್ಕಾನೋ?" ಎಂದು ಕೇಳಿದೆ.

"ಮೂವತ್ತೇಳನೇ ವಾರಕ್ಕೆ ಬಿಚ್ತೀವಿ."

"ಹಾಗಾದ್ರೆ ಕಚ್ಚಾನೇ. ದಾರ ಗಟ್ಟಿ ಇದೆ ತಾನೆ?"

"ನಿಮ್ಮ ಅಂಗಡಿ ದಾರಕ್ಕಿಂತ ಗಟ್ಟಿ" ಎಂದು ಹೇಳಿ ನಿಯಮಗಳ ಪಟ್ಟಿ ಓದಿದರು. ಎಡಮಗ್ಗುಲಾಗಿ ಮಲಗಬೇಕು. ಬಚ್ಚಲಿಗೆ ಬಿಟ್ಟರೆ ಎಲ್ಲಿಗೂ ಏಳಬಾರದು. ಭಾರ ಎತ್ತಬಾರದು, ಜೋರಾಗಿ ಕೆಮ್ಮಬಾರದು, ಸೀನು ಬಂದರೆ ಹೊಟ್ಟೆಗೆ ಕೈ ಕೊಟ್ಟು ಸೀನಬೇಕು.

"ನಗಬಹುದಾ?"

"ಮೆಲ್ಲಗೆ."

ಮೆಲ್ಲಗೆ ನಗುವುದನ್ನು ನನಗೆ ಯಾರು ಕಲಿಸಿದ್ದಾರೆ? ನಾನು ಅಂಗಡಿಯಲ್ಲಿ ನಕ್ಕರೆ ಎದುರಿನ ಔಷಧಿ ಅಂಗಡಿಯವನು ಏನಾಯಿತು ಎಂದು ಹೊರಗೆ ಬಂದು ನೋಡುತ್ತಾನೆ.

ಹೋದ ಸಲ ಐದನೇ ತಿಂಗಳಿಗೇ ಕೈಬಿಟ್ಟು ಹೋಯಿತು. ಆ ವಿಷಯ ಈ ಪುಸ್ತಕದಲ್ಲಿ ಬರೆಯುವುದಿಲ್ಲ. ಈ ಸಲ ಮೂವತ್ತೇಳು ಮುಟ್ಟಬೇಕು. ಇವತ್ತಿಗೆ ಇಪ್ಪತ್ತನಾಲ್ಕು ವಾರ.

ನಾಡಿದ್ದು ಅತ್ತೆ ಬರುತ್ತಾರಂತೆ, ನನ್ನನ್ನು ನೋಡಿಕೊಳ್ಳಲು. ಹೊಲಿಗೆ ಸಾಲದು ಅಂತ ಬೀಗ ಬೇರೆ.

ಮಾರ್ಚ್ 5, ಬುಧವಾರ

ಬಂದರು. ಚೀಲ ಇಟ್ಟರು. "ಮಲ್ಕೋ" ಎಂದರು. ಮಲಗಿಯೇ ಇದ್ದೆನಲ್ಲ!

ನಮ್ಮತ್ತೆ ಮೂವತ್ತೊಂದು ವರ್ಷ ತಂತಿ ಕಚೇರಿಯಲ್ಲಿದ್ದವರು. ಟಕಟಕ ಸದ್ದು ಕೇಳಿಸಿಕೊಂಡು ಅಕ್ಷರ ಬರೆದುಕೊಳ್ಳುವ ಕೆಲಸ. ಜನ ಪದ ಎಣಿಸಿ ಎಣಿಸಿ ಬರೆಸುತ್ತಿದ್ದುದನ್ನು ನೋಡಿ ನೋಡಿ ಅವರೂ ಎಣಿಸಿಯೇ ಮಾತಾಡುತ್ತಾರೆ. ಇವತ್ತು ಬೆಳಗ್ಗೆಯಿಂದ ಸಂಜೆಯವರೆಗೆ ನನ್ನ ಜೊತೆ ಆಡಿದ್ದು ಒಟ್ಟು ಹದಿನಾಲ್ಕು ಪದ. ಅದರಲ್ಲಿ ಆರು "ಏಳ್ಬೇಡ".

ನಮ್ಮವರು ಸಂಜೆ ಬಂದು, "ಅಮ್ಮ ಇದ್ದಾರಲ್ಲ, ನಿನಗೆ ಬೇಜಾರಾಗಲ್ಲ ಬಿಡು" ಎಂದರು. ಮುಖ ನೋಡಿದೆ. ತಮಾಷೆಗೆ ಹೇಳಿದ್ದಲ್ಲ.

ಮಾರ್ಚ್ 8, ಶನಿವಾರ

ಅಯ್ಯೋ, ಇವತ್ತು ಸತ್ತೇ ಹೋಗುತ್ತಿದ್ದೆ, ನಕ್ಕು ನಕ್ಕು!

ನಮ್ಮವರದು ಮನೆ ಮನೆಗೆ ಹೋಗಿ ವಿದ್ಯುತ್ ಮೀಟರು ಓದುವ ಕೆಲಸ. ದಿನಕ್ಕೆ ನೂರು ಮನೆ, ನೂರು ಗೇಟು, ಮೂವತ್ತು ನಾಯಿ. ನನಗೆ ಹೊತ್ತು ಹೋಗಲೆಂದು ದಾರಿಯಲ್ಲಿ ಕಂಡದ್ದರ ಫೋಟೋ ಕಳಿಸುತ್ತೇನೆ ಎಂದಿದ್ದರು. ಮೊದಲನೆಯದು ಹಲ್ಲಿನ ಡಾಕ್ಟರ ಹೊಸ ಬೋರ್ಡು. ಬರೆಯುವವನು ಒಂದು ಕೊಂಬು ಹೆಚ್ಚು ಎಳೆದುಬಿಟ್ಟಿದ್ದಾನೆ: "ಇಲ್ಲಿ ನೋವಿಲ್ಲದೆ ಹುಲ್ಲು ಕೀಳಲಾಗುವುದು."

ಅದರ ಹಿಂದೆಯೇ ಇನ್ನೊಂದು, ಸೈಕಲ್ಲಿನಲ್ಲಿ ಹಾಲು ಹಾಕುವವನ ಡಬ್ಬಿಯ ಮೇಲೆ: "ಪ್ರತಿದಿನ ನಿಮ್ಮ ಮನೆ ಬಾಗಿಲಿಗೆ ತಾಜಾ ಹಾಳು."

ನಾನು ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು ಹೊರಳಾಡಿದೆ. ಹೊರಳಾಡಲೂಬಾರದಲ್ಲ! ಅತ್ತೆ ಅಡುಗೆಮನೆಯಿಂದ ಸೌಟು ಸಮೇತ ಓಡಿ ಬಂದರು. "ನೋವಾ?" ನಾನು ಮಾತಾಡಲಾರದೆ ಫೋನು ತೋರಿಸಿದೆ. ಓದಿದರು. "ತಾಜಾ ಹಾಳು" ಎಂದು ಗಟ್ಟಿಯಾಗಿ ಒಮ್ಮೆ ಹೇಳಿಕೊಂಡರು. "ಅಕ್ಷರ ತಪ್ಪು" ಎಂದು ಹೇಳಿ ಒಳಗೆ ಹೋದರು. ಆ ಮುಖ ನೋಡಿ ನನಗೆ ಇನ್ನೂ ಜಾಸ್ತಿ.

ಒಬ್ಬಳೇ ನಗುವುದು ಪಾಪ ಅನ್ನಿಸಿ ಒಂದು ಗ್ರೂಪು ಮಾಡಿದೆ. ನಾವು ನಾಲ್ಕು ಜನ. ನಾನು, ನಮ್ಮವರು, ಅಂಗಡಿಯಲ್ಲಿ ನನ್ನ ಜೊತೆ ಕಾಜ ಮಾಡಿ ಗುಂಡಿ ಹಚ್ಚುವ ಕಾಜಕ್ಕ. ನಾಲ್ಕನೆಯವಳು ಕಿಟಕಿ. ಆಸ್ಪತ್ರೆಯಲ್ಲಿ ಕಿಟಕಿ ಪಕ್ಕದ ಮಂಚದವಳು, ಅವಳಿಗೂ ನನ್ನದೇ ಹೊಲಿಗೆ, ನನಗಿಂತ ಒಂದೂಕಾಲು ವಾರ ಹಿಂದೆ. ಗಂಡ ಹಡಗಿನಲ್ಲಿ ಅಡುಗೆಯವನು, ಮಳೆಗಾಲ ಮುಗಿದ ಮೇಲೆ ಬರುತ್ತಾನೆ. ಅತ್ತೆ ದೂರದ ಊರಲ್ಲಿ, ದಿನಕ್ಕೆ ಮೂರು ಸಲ ಫೋನು ಮಾಡಿ "ಎಡಮಗ್ಗುಲು ತಾನೆ?" ಎಂದು ಕೇಳುತ್ತಾಳಂತೆ. ಒಂಟಿ ಮನೆಯಲ್ಲಿ ಅವಳೂ ನನ್ನ ಹಾಗೆ ಗೋಡೆ ನೋಡುತ್ತ ಬಿದ್ದಿದ್ದಾಳೆ.

ಗ್ರೂಪಿಗೆ ಹೆಸರಿಟ್ಟೆ: ಹೊಟ್ಟೆ ಹಿಡ್ಕೊಂಡವರು.

ಮಾರ್ಚ್ 14, ಶುಕ್ರವಾರ

ಗ್ರೂಪಿನ ಉಸಾಬರಿಯಲ್ಲಿ ಬರೆಯಲು ಪುರುಸೊತ್ತಾಗಲಿಲ್ಲ. ಮಲಗಿದವಳಿಗೆ ಪುರುಸೊತ್ತಿಲ್ಲ ಎಂದರೆ ಯಾರಾದರೂ ನಂಬುತ್ತಾರಾ?

ಕಾಜಕ್ಕ ಎಲ್ಲಿಂದಲೋ ಸುದ್ದಿ ಹೆಕ್ಕಿ ತರುತ್ತಾಳೆ. ಎಲ್ಲವನ್ನೂ ನಂಬುತ್ತಾಳೆ, ಅದೇ ಚೆಂದ. ಇವತ್ತಿನದು: ಯಾವುದೋ ವಿಮಾನ ನಿಲ್ದಾಣದಲ್ಲಿ ಒಬ್ಬ ಭೂಪ ಪೆಟ್ಟಿಗೆಯ ತೂಕ ಇಳಿಸಲು ಒಂಬತ್ತು ಪ್ಯಾಂಟು ಒಂದರ ಮೇಲೊಂದು ಹಾಕಿಕೊಂಡು ಬಂದನಂತೆ.

ನಾನು ಕೇಳಿದೆ, "ಒಂಬತ್ತನೇದರ ಸೊಂಟದ ಅಳತೆ ಎಷ್ಟು?"

ಕಾಜಕ್ಕ: "ಪ್ಯಾಂಟಿಗೆ ಅರ್ಧ ಇಂಚು ಹಿಡಿದ್ರೂ ಒಳಗಿನ ಎಂಟಕ್ಕೆ ನಾಲ್ಕು ಇಂಚು ಜಾಸ್ತಿ. ಅವನು ಹೊಲಿಸಿಕೊಂಡೇ ಬಂದಿದಾನೆ. ಇದರ ಹಿಂದೆ ಒಬ್ಬ ದರ್ಜಿ ಇದಾನೆ!"

ಕಿಟಕಿ: "ಅದಿರ್ಲಿ, ನಡುವೆ ಅವಸರ ಆದ್ರೆ? ಒಂಬತ್ತು ಜಿಪ್ಪು!"

ನಮ್ಮವರು: "ವಿಮಾನ ಇಳಿಯೋ ಹೊತ್ತಿಗೆ ಆರನೇ ಜಿಪ್ಪಲ್ಲಿ ಇರ್ತಾನೆ."

ಅಷ್ಟೇ. ನನಗೆ ನಗು ತಡೆಯದೆ ಬಿಕ್ಕಳಿಕೆ ಹತ್ತಿಕೊಂಡಿತು. ಅರ್ಧ ಗಂಟೆ ಬಿಕ್ಕಳಿಕೆ. ಒಳಗಿನದೂ ಗಾಬರಿಯಾಗಿ ಒದೆಯಿತು. ಅತ್ತೆ ಬಂದು ನನ್ನ ಕೈಯಿಂದ ಫೋನು ಕಸಿದುಕೊಂಡರು.

"ಇನ್ಮೇಲೆ ನಾನು ಓದ್ತೀನಿ. ನಾನು ಹೇಳಿದ್ದು ಮಾತ್ರ ನಿನಗೆ."

ಎಂಥ ಕಾಲ ಬಂತಪ್ಪಾ! ಮದುವೆಯಾಗಿ ಒಂಬತ್ತು ವರ್ಷ, ಮಧ್ಯವಯಸ್ಸಿನ ಹೆಂಗಸು ನಾನು, ನನ್ನ ಫೋನು ಅತ್ತೆಯ ಸೊಂಟದಲ್ಲಿ. ಇವರು ಯಾವಾಗ ತಮ್ಮ ಊರಿಗೆ ಹೋಗುತ್ತಾರೋ.

ಮಾರ್ಚ್ 16, ಭಾನುವಾರ

ಅತ್ತೆಯ ಉಪಾಯ ಪೂರ್ತಿ ಕೆಟ್ಟಿತು.

ನಗು ಬರದ ಹಾಗೆ ಓದುತ್ತೇನೆ ಎಂದು ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕೂತರು. ಕನ್ನಡಕ ಏರಿಸಿದರು. ಸತ್ತವರ ಸುದ್ದಿ ತಿಳಿಸುವ ದನಿಯಲ್ಲಿ ಶುರು ಮಾಡಿದರು:

"ಕಳ್ಳ ಮನೆ ಹೊಕ್ಕ. ಹಾಸಿಗೆ ಮೆತ್ತಗಿತ್ತು. ಮಲಗಿದ. ಬೆಳಗಾಯಿತು. ಮನೆಯವರು ಬಂದರು. ಕಾಫಿ ಕೇಳಿದ."

ಸ್ವಲ್ಪ ತಡೆದು, "ಸಕ್ಕರೆ ಕಡಿಮೆ ಇರಲಿ ಎಂದ" ಎಂದರು.

ನಾನು ದಿಂಬು ಕಚ್ಚಿಕೊಂಡೆ. ಯಾವ ನಟನಿಗೂ ಈ ಮುಖ ಬಾರದು. ಒಂದು ಹುಬ್ಬು ಅಲ್ಲಾಡಬೇಡವೇ?

ಆಮೇಲೆ ಅವರ ಮಗ ಕಳಿಸಿದ್ದು, ಯಾವುದೋ ಮನೆಯ ಬಾಗಿಲಿಗೆ ಅಂಟಿಸಿದ ಚೀಟಿ. "ಬೆಲ್ಲು ಕೆಟ್ಟಿದೆ, ಬಾಗಿಲು ಬಡಿಯಿರಿ. ಬಾಗಿಲು ಜೋರಾಗಿ ಬಡಿಯಬೇಡಿ, ಬಿದ್ದುಹೋಗುತ್ತದೆ. ಕೂಗಿ. ನನಗೆ ಕಿವಿ ಕೇಳಿಸುವುದಿಲ್ಲ." ಓದಿ ಮುಗಿಸಿ ಅತ್ತೆ ಕನ್ನಡಕ ತೆಗೆದು, "ಇವನು ಮೀಟರು ಹೇಗೆ ನೋಡಿದ?" ಎಂದು ನಿಜವಾಗಿಯೂ ಚಿಂತೆ ಮಾಡಿದರು. ಸಂಜೆ ಮಗ ಬಂದಾಗ ಚಪ್ಪಲಿ ಬಿಡುವ ಮೊದಲೇ ಕೇಳಿದರು. ಮೀಟರು ಹೊರಗೇ ಇತ್ತಂತೆ. ಆಗ ಸಮಾಧಾನ.

ಎಪ್ರಿಲ್ 2, ಬುಧವಾರ

ಬೆಳಗ್ಗೆಯಿಂದ ಸೊಂಟ ಹಿಡಿದುಕೊಂಡ ಹಾಗಿದೆ. ಗ್ರೂಪು ಬೇಡ ಎಂದೆ. ಅತ್ತೆ ಏನೂ ಕೇಳದೆ ಬಿಸಿನೀರಿನ ಚೀಲ ತಂದು ಇಟ್ಟರು.

ಹೆದರಿಕೆಯಾಗುತ್ತಿದೆ.

ಎಪ್ರಿಲ್ 3, ಗುರುವಾರ

ಡಾಕ್ಟರಮ್ಮ ನೋಡಿದರು. ಹೊಲಿಗೆ ಕೂತಲ್ಲೇ ಕೂತಿದೆ. ಬರೀ ವಾಯು. ವಾಯುವಿಗೆ ನಾನು ನಿನ್ನೆ ಇಡೀ ದಿನ ದೇವರನ್ನು ಕರೆದೆನಲ್ಲ! ಅತ್ತೆಯ ಕೈಯಲ್ಲೇ ಗ್ರೂಪಿಗೆ ಹಾಕಿಸಿದೆ: "ವಿಚಿತ್ರ ಸುದ್ದಿ. ಮಹಿಳೆಗೆ ಹೆರಿಗೆ ನೋವು. ಹುಟ್ಟಿದ್ದು ಗಾಳಿ."

ಕಿಟಕಿ ಕೇಳಿದಳು, "ತೂಕ ಎಷ್ಟು?"

ಎಪ್ರಿಲ್ 14, ಸೋಮವಾರ

ಮೂವತ್ತು ವಾರ! ಮೂವತ್ತು!

ಖುಷಿಗೆ ಅತ್ತೆ ಫೋನನ್ನು ಒಂದು ಗಂಟೆ ನನ್ನ ಕೈಗೆ ಕೊಟ್ಟು ಬಟ್ಟೆ ಒಣಗಿಸಲು ಮಾಳಿಗೆಗೆ ಹೋದರು. ಕಿಟಕಿ ಎರಡು ದಿನದಿಂದ ಸುಮ್ಮನಿದ್ದವಳು ಬರೆದಿದ್ದಳು. ಒಂದೇ ಸಾಲು:

"ನಿನ್ನೆ ಇಡೀ ದಿನ ಬರೀ ಅತ್ತೆ."

ಆಹಾ, ಕೊನೆಗೂ ಅವಳ ಅತ್ತೆ ಬಂದಿಳಿದಳು ಎಂದುಕೊಂಡೆ. ಕೈ ತುರಿಸುತ್ತಿತ್ತು, ಕೂಡಲೇ ಬರೆದೆ:

"ಒಂದೇ ದಿನಕ್ಕೆ ಸುಸ್ತಾ? ನಮ್ಮನೇಲಿ ವಾರಕ್ಕೆ ಏಳು ದಿನಾನೂ ಬರೀ ಅತ್ತೆ! ಬೇಕಿದ್ರೆ ನಮ್ಮದನ್ನೂ ಕಳಿಸಿಕೊಡ್ತೀನಿ, ಜೋಡಿ ಮಾಡ್ಕೊಳ್ಳಿ."

ಹಿಂದೆ ಹಲ್ಲು ಕಿರಿಯುವ ಗೊಂಬೆಮುಖ ಹನ್ನೆರಡು. ಕಾಜಕ್ಕ ಇನ್ನೂ ಎಂಟು ಸೇರಿಸಿದಳು. ಆದರೆ ಕಿಟಕಿಯ ಉತ್ತರವಿಲ್ಲ. ಅತ್ತೆ ಪಕ್ಕದಲ್ಲೇ ಕೂತಿರಬೇಕು, ಪಾಪ.

ಎಪ್ರಿಲ್ 15, ಮಂಗಳವಾರ

ಬೆಳಗ್ಗೆ ಅತ್ತೆ ಫೋನು ಹಿಡಿದು ಬಾಗಿಲಲ್ಲಿ ನಿಂತರು. ನಾನು ಬರೆದದ್ದನ್ನು ಓದಿದ್ದಾರೆ ಎಂದು ಮುಖದಲ್ಲೇ ಗೊತ್ತಾಯಿತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಅತ್ತೆ, ಅದು ಸುಮ್ನೆ ತಮಾಷೆಗೆ..."

"ಅದು ಬಿಡು" ಎಂದರು. "ಈ ಹುಡುಗಿ ಬರೆದದ್ದನ್ನ ನೀನು ಹೇಗೆ ಓದಿದೆ?"

"ಅವರತ್ತೆ ಬಂದಿದಾರೆ ಅಂತ."

"ಬಂದಿದ್ರೆ ಬಂದ್ರು ಅಂತಿದ್ಲು." ಕುರ್ಚಿಯಲ್ಲಿ ಕೂತರು. "ಇದು ಅತ್ತೆ ಅಲ್ಲ ಕಣೆ. ಅತ್ತೆ."

"ಅದೇ, ಅತ್ತೆ."

"ಅಲ್ಲ. ಅತ್ತೆ! ಅಳೋದು. ಇಡೀ ದಿನ ಬರೀ ಅತ್ತಿದ್ದಾಳೆ."

ಅತ್ತೆ ಅಷ್ಟು ಪದ ಒಟ್ಟಿಗೆ ಆಡಿದ್ದು ಅದೇ ಮೊದಲು: "ತಂತೀಲಿ ನಮಗೆ ಮೊದಲ ದಿನಾನೇ ಹೇಳಿಕೊಡ್ತಿದ್ರು. ಎರಡು ಅರ್ಥ ಬರೋ ಹಾಗಿದ್ರೆ ಮೊದಲು ಕೆಟ್ಟದ್ದನ್ನ ಓದಿ ನೋಡು. ಅದು ಅಲ್ಲ ಅಂತ ಗಟ್ಟಿಯಾದ ಮೇಲೆ ಒಳ್ಳೇದನ್ನ ಓದು."

ಆಸ್ಪತ್ರೆಗೆ ಅವರೇ ಫೋನು ಮಾಡಿದರು. ಹೌದು. ಭಾನುವಾರ ಬೆಳಗ್ಗೆ ಕಿಟಕಿಯ ಹೊಲಿಗೆ ತಡೆಯಲಿಲ್ಲ. ಇಪ್ಪತ್ತೆಂಟನೇ ವಾರಕ್ಕೆ ಹೆಣ್ಣು ಮಗು, ಒಂಬೈನೂರ ಎಂಬತ್ತು ಗ್ರಾಂ, ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದಾರೆ. ಉಸಿರಾಡುತ್ತಿದೆ. ಜೊತೆಗೆ ಯಾರೂ ಇಲ್ಲ. ಊರಿನಲ್ಲಿರುವ ಅವಳ ಅತ್ತೆಗೆ ಮಂಡಿ ಆಪರೇಷನ್ ಆಗಿ ಎದ್ದು ಬರುವ ಹಾಗಿಲ್ಲವಂತೆ.

ಅಂಥವಳಿಗೆ ನಾನು ಹನ್ನೆರಡು ಹಲ್ಲು ಕಿರಿದು ಕಳಿಸಿದೆ. ನಾಚಿಕೆಯಾಗುತ್ತದೆ. ಅದಕ್ಕಿಂತ ಹೇಳಬಾರದ್ದು ಇನ್ನೊಂದಿದೆ. ಸುದ್ದಿ ಕೇಳಿದ ತಕ್ಷಣ ನನ್ನ ಕೈ ಹೋದದ್ದು ನನ್ನ ಹೊಟ್ಟೆಗೆ. ಸದ್ಯ, ನಮ್ಮದಲ್ಲ ಅಂದುಕೊಂಡೆ. ಥೂ.

ಎಪ್ರಿಲ್ 16, ಬುಧವಾರ

ಕ್ಷಮೆ ಕೇಳಿ ಉದ್ದುದ್ದ ಬರೆದೆ. ಅತ್ತೆ ಪಕ್ಕ ಕೂತು ಒಂದೊಂದೇ ಪದ ತೆಗೆಸಿದರು. "ಇದು ಬೇಡ. ಇದೂ ಬೇಡ. ನಿನ್ನ ದುಃಖ ಅವಳಿಗ್ಯಾಕೆ?" ಕೊನೆಗೆ ಉಳಿದದ್ದು ಇಷ್ಟು: "ತಪ್ಪಾಗಿ ಓದಿದೆ. ನಿಮ್ಮ ಜೊತೆ ಇದ್ದೇವೆ."

ಉತ್ತರ ಬರಲಿಲ್ಲ. ಕಾಜಕ್ಕನಿಗೂ ನಮ್ಮವರಿಗೂ ಗ್ರೂಪಿನಲ್ಲಿ ಏನೂ ಹಾಕಬೇಡಿ ಎಂದೆ.

ಎಪ್ರಿಲ್ 18, ಶುಕ್ರವಾರ

ಬರೆದಳು! ಕಿಟಕಿ ಬರೆದಳು!

"ಅವತ್ತು ಪೆಟ್ಟಿಗೆ ಪಕ್ಕ ನಿಂತು ನಿಮ್ಮ ಮೆಸೇಜು ಓದಿದೆ. ಮೊದಲು ಅರ್ಥ ಆಗಲಿಲ್ಲ. ಆಮೇಲೆ ಆಯ್ತು ನೋಡಿ, ಬಾಯಿ ಮುಚ್ಕೊಂಡು ನಕ್ಕೆ. ತಡೆಯೋಕೇ ಆಗ್ಲಿಲ್ಲ. ನರ್ಸು ಹೊರಗೆ ಕಳಿಸಿದ್ರು. ಹೊರಗೆ ಬೆಂಚಲ್ಲಿ ಕೂತು ಮತ್ತೆ ನಕ್ಕೆ. ಮತ್ತೆ ಅತ್ತೆ. (ಇದು ಅಳು.)"

ಅದರ ಕೆಳಗೆ ಇನ್ನೊಂದು ಸಾಲು: "ನಿಮ್ಮದನ್ನ ಕಳಿಸ್ತೀನಿ ಅಂದಿದ್ರಿ. ಕಳಿಸ್ತೀರಾ?"

ಅದನ್ನು ನಾನು ತಮಾಷೆ ಎಂದೇ ಓದಿದೆ. ಅತ್ತೆ ಕನ್ನಡಕ ಏರಿಸಿ ಎರಡು ಸಲ ಓದಿದರು. ಎದ್ದು ಹೋಗಿ ಚಪ್ಪಲಿ ಹುಡುಕಿದರು.

"ಎಲ್ಲಿಗೆ ಅತ್ತೆ?"

"ಕಳಿಸ್ತೀನಿ ಅಂದಿದೀಯಲ್ಲ."

ಎಪ್ರಿಲ್ 26, ಶನಿವಾರ

ಈಗಿನ ಏರ್ಪಾಡು ಹೀಗೆ. ಬೆಳಗ್ಗೆ ಹತ್ತಕ್ಕೆ ಅತ್ತೆ ಆಸ್ಪತ್ರೆಗೆ ಹೊರಡುತ್ತಾರೆ, ನಾಲ್ಕಕ್ಕೆ ವಾಪಸು. ಆ ಹೊತ್ತಿಗೆ ಕಾಜಕ್ಕ ಗುಂಡಿ ಹಚ್ಚುವ ಕೆಲಸವನ್ನು ಇಲ್ಲಿಗೇ ಹೊತ್ತು ತಂದು ನನ್ನ ಜೊತೆ ಕೂರುತ್ತಾಳೆ. ಕಾಜಕ್ಕ ಒಳ್ಳೆಯವಳು, ಆದರೆ ಸುದ್ದಿ ಓದುವಾಗ ಮೊದಲೇ ತಾನೇ ನಕ್ಕುಬಿಡುತ್ತಾಳೆ. ಅದರಲ್ಲಿ ಏನು ಸ್ವಾರಸ್ಯ? ಅಕ್ಷರ ತಪ್ಪು ಎಂದು ಹೇಳುವವರು ಒಬ್ಬರು ಬೇಡವೇ?

ಅತ್ತೆ ಇವತ್ತು ನಾಲ್ಕೂ ಇಪ್ಪತ್ತಕ್ಕೆ ಬಂದರು. ಇಪ್ಪತ್ತು ನಿಮಿಷ ತಡ. ಬಸ್ಸು ಕೆಟ್ಟಿತ್ತಂತೆ. ಕೆಟ್ಟರೆ ಒಂದು ಫೋನು ಮಾಡಬಾರದೇ ಎಂದು ರೇಗಿದೆ. ಮನೆಯಲ್ಲಿ ಬಸುರಿ ಇದ್ದಾಳೆ ಎನ್ನುವ ನೆನಪಾದರೂ ಬೇಡವೇ ಇವರಿಗೆ?

ಮೇ 7, ಬುಧವಾರ

ಅತ್ತೆ ಅಲ್ಲಿ ದೊಡ್ಡ ಹೆಸರು ಮಾಡಿದ್ದಾರೆ. ಕಿಟಕಿ ಮಗುವನ್ನು ಎದೆಗೆ ಅಂಟಿಸಿಕೊಂಡು ಕೂರುವ ಎರಡು ಗಂಟೆ, ಪಕ್ಕದ ಸ್ಟೂಲಿನ ಮೇಲೆ ಅತ್ತೆ ಕೂತು ನಮ್ಮ ಗ್ರೂಪಿನ ಸುದ್ದಿ ಓದುತ್ತಾರಂತೆ. ಅದೇ ದನಿ. ಸುತ್ತ ಇನ್ನೂ ನಾಲ್ಕು ತಾಯಂದಿರು, ಎದೆಯ ಮೇಲೆ ಒಂದೊಂದು ಹಿಡಿಯಷ್ಟು ಮಗು. ಯಾರೂ ಅಲ್ಲಾಡಬಾರದು. ಆದರೆ ಅತ್ತೆ "ಗಿಳಿ ಅಗ್ನಿಶಾಮಕದವರನ್ನು ಕರೆಯಿತು. ಬಂದರು. ಬೆಂಕಿ ಇರಲಿಲ್ಲ. ಗಿಳಿ, ನೀರು ಎಂದಿತು" ಎಂದು ಓದಿದ ಕೂಡಲೇ ಐದೂ ಜನ ಹೊಟ್ಟೆಯೊಳಗೇ ನಗುತ್ತಾರಂತೆ. ಎದೆ ಕುಲುಕುತ್ತದಂತೆ. ಮಕ್ಕಳಿಗೆ ತೊಟ್ಟಿಲು ತೂಗಿದ ಹಾಗಾಗಿ ಮಲಗಿಬಿಡುತ್ತವಂತೆ.

"ನರ್ಸು ಏನಂದ್ರು?" ಎಂದು ಕೇಳಿದೆ.

"ನಾಳೆ ಬೇಗ ಬನ್ನಿ ಅಂದ್ಳು" ಎಂದರು ಅತ್ತೆ. ತುಟಿಯ ಒಂದು ತುದಿ ಮೇಲಕ್ಕೆ ಹೋದ ಹಾಗಿತ್ತು. ನಾನು ಕಣ್ಣಾರೆ ಕಂಡೆ. ನಮ್ಮವರಿಗೆ ಹೇಳಿದರೆ, "ಛೆ, ನೀನು ಮಲಗಿದೀಯಲ್ಲ, ಓರೆಯಾಗಿ ಕಾಣಿಸಿರತ್ತೆ" ಎಂದರು.

ಕಿಟಕಿಯ ಮಗು ಸಾವಿರದ ಇನ್ನೂರ ಎಂಬತ್ತು ಗ್ರಾಂ. ನನಗೆ ಮೂವತ್ಮೂರು ವಾರ.

ಮೇ 21, ಬುಧವಾರ

ಅತ್ತೆಗೆ ನೆಗಡಿ. ಮಕ್ಕಳ ವಾರ್ಡಿಗೆ ಹೋಗಬಾರದು, ನನ್ನ ಹತ್ತಿರವೂ ಬರಬಾರದು ಎಂದು ತಾವೇ ನಿರ್ಧರಿಸಿ ನಡುಮನೆಯಲ್ಲಿ ಕೂತಿದ್ದಾರೆ. ಬಾಗಿಲಿನಾಚೆಯಿಂದ ಕೂಗಿ ಓದುತ್ತಿದ್ದಾರೆ. ಮೂಗು ಕಟ್ಟಿ "ಮ" ಎಲ್ಲ "ಬ" ಆಗಿದೆ. "ಬೇಯರ್ ಸಾಹೇಬರ ಬೇಜಿನ ಬೇಲೆ ಬೇಕೆ ಬಲಗಿತು." ಮೇಕೆ ಎಂದು ಗೊತ್ತಾಗುವ ಹೊತ್ತಿಗೆ ನನಗೆ ಕಣ್ಣಲ್ಲಿ ನೀರು.

ಅವರಿಲ್ಲದೆ ಈ ಕೋಣೆ ಹಿಡಿಸುವುದಿಲ್ಲ. ಕುರ್ಚಿ ಖಾಲಿ ಇಟ್ಟುಕೊಂಡು ಏನು ಮಾಡುವುದು, ಅದನ್ನೂ ಆಚೆಗೆ ತೆಗೆಸಿದೆ.

ಜೂನ್ 2, ಸೋಮವಾರ

ಮೂವತ್ತೇಳು. ಮುಟ್ಟಿದೆವು! ಇವತ್ತು ಹೊಲಿಗೆ ಬಿಚ್ಚಿದರು.

"ಯಾವಾಗ ಬೇಕಾದ್ರೂ ಬರಬಹುದು, ಸಿದ್ಧವಾಗಿರಿ" ಎಂದರು ಡಾಕ್ಟರಮ್ಮ. ನಮ್ಮವರು ಮನೆಗೆ ಬಂದು ಬಾಗಿಲ ಹತ್ತಿರ ಚೀಲ ಇಟ್ಟು, ಪಕ್ಕದಲ್ಲಿ ಚಪ್ಪಲಿ ಇಟ್ಟು, ಅದರ ಪಕ್ಕ ತಾವು ಕೂತರು.

ಜೂನ್ 8, ಭಾನುವಾರ

ಬರುತ್ತಿಲ್ಲ.

ಮೂರು ತಿಂಗಳು ಬರಬೇಡ, ಬರಬೇಡ ಎಂದು ಕೈ ಮುಗಿದೆವು. ಅದಕ್ಕೆ ಸಿಟ್ಟು ಬಂದಿರಬೇಕು. ಈಗ ಬಾರಮ್ಮ, ಬಾರಪ್ಪ ಎಂದರೂ ಅಲ್ಲಾಡುತ್ತಿಲ್ಲ. ಡಾಕ್ಟರಮ್ಮ ನಡೆಯಿರಿ ಎಂದರು. ನಡೆದೆ. ಅಂಗಡಿಯವರೆಗೂ ನಡೆದೆ. ಬೀದಿಯೆಲ್ಲ ಹೊಸದಾಗಿ ಕಂಡಿತು. ಹಲ್ಲಿನ ಡಾಕ್ಟರ ಬೋರ್ಡು ಇನ್ನೂ ತಿದ್ದಿಲ್ಲ.

"ಇನ್ನು ಜೋರಾಗಿ ನಗಬಹುದು" ಎಂದೂ ಡಾಕ್ಟರಮ್ಮ ಅಪ್ಪಣೆ ಕೊಟ್ಟಿದ್ದಾರೆ. ಗ್ರೂಪಿನವರು ಟೊಂಕ ಕಟ್ಟಿ ನಿಂತರು. ಕಾಜಕ್ಕ ಹನ್ನೊಂದು ಸುದ್ದಿ, ನಮ್ಮವರು ಆರು ಗೇಟು, ನಾಲ್ಕು ನಾಯಿ. ಕಿಟಕಿ ತನ್ನ ಮಗುವಿನ ಗಾಜಿನ ಪೆಟ್ಟಿಗೆಯ ಮೇಲೆ ಯಾರೋ ಅಂಟಿಸಿದ ಚೀಟಿಯ ಫೋಟೋ ಕಳಿಸಿದಳು: "ಒಡೆಯುವ ವಸ್ತು. ಈ ಕಡೆ ಮೇಲಕ್ಕೆ." ಮನಸಾರೆ ನಕ್ಕೆ. ಎದುರುಮನೆಯವರು ಬಾಗಿಲು ತೆರೆದು ನೋಡಿದರು. ಆದರೂ ಬರಲಿಲ್ಲ.

ಜೂನ್ 11, ಬುಧವಾರ, ಬೆಳಗ್ಗೆ

ನೋವು ಬಂತು ವಾಯು ಅಲ್ಲ ಅತ್ತೆ ಗಡಿಯಾರ ಹಿಡಿದು ನಿಂತಿದ್ದಾರೆ ಏಳು ನಿಮಿಷಕ್ಕೊಂದು. ನಮ್ಮವರು ಚೀಲ ಬಿಟ್ಟು ಆಟೋ ಹತ್ತಿ ಹೊರಟುಬಿಟ್ಟಿದ್ದರು. ನನ್ನನ್ನೂ ಬಿಟ್ಟು!!

ಜೂನ್ 12, ಗುರುವಾರ

ಮಗಳು.

ಎರಡು ಕಿಲೋ ಒಂಬೈನೂರು. ಬಲಗಿವಿ ಸ್ವಲ್ಪ ಮಡಚಿದೆ, ಸರಿಯಾಗುತ್ತದಂತೆ. ಬೆಚ್ಚಗಿದ್ದಾಳೆ. ಇಷ್ಟು ಬೆಚ್ಚಗಿರುತ್ತಾರೆ ಎಂದು ನನಗೆ ಗೊತ್ತಿರಲಿಲ್ಲ.

ನಿನ್ನೆ ಮಧ್ಯಾಹ್ನ ನರ್ಸು ಮಗುವನ್ನು ಒರೆಸಿ, "ಬಟ್ಟೆ ಕೊಡಿ" ಎಂದು ಕೈ ಚಾಚಿದಳು. ನಾನು ನಮ್ಮವರ ಮುಖ ನೋಡಿದೆ. ಅವರು ಅತ್ತೆಯ ಮುಖ ನೋಡಿದರು. ಅತ್ತೆ ನನ್ನ ಮುಖ ನೋಡಿದರು. ಚೀಲದಲ್ಲಿ ನನ್ನ ಬಟ್ಟೆ ಇತ್ತು, ಟವೆಲು ಇತ್ತು, ಫೋನಿನ ಚಾರ್ಜರು ಎರಡು ಇತ್ತು. ಮಗುವಿಗೆಂದು ಒಂದು ಚಿಂದಿಯೂ ಇರಲಿಲ್ಲ.

"ಏನೂ ತಂದಿಲ್ವಾ? ಒಂದಂಗೀನೂ ಇಲ್ವಾ?" ನರ್ಸಿಗೆ ನಂಬಿಕೆಯಾಗಲಿಲ್ಲ. "ಮಗುವಿನ ಅಮ್ಮ ಏನ್ ಕೆಲಸ ಮಾಡ್ತಾರೆ?"

"ದರ್ಜಿ" ಎಂದರು ಅತ್ತೆ.

ನರ್ಸು ನಕ್ಕುಬಿಟ್ಟಳು. ನಮ್ಮವರು ನಕ್ಕರು. ನಾನೂ ನಕ್ಕೆ. ಹೋದ ಸಲ ಹನ್ನೊಂದು ಅಂಗಿ ಹೊಲಿದಿಟ್ಟಿದ್ದೆ. ನಾಲ್ಕನೇ ತಿಂಗಳಿಗೇ ಮುಗಿಸಿದ್ದೆ, ಕಾಲರಿಗೆ ಲೇಸು ಸಮೇತ. ಆಮೇಲೆ ಅವನ್ನು ಯಾರು ಎಲ್ಲಿಗೆ ಸಾಗಿಸಿದರೋ ನಾನು ಕೇಳಲಿಲ್ಲ. ಈ ಸಲ ಸೂಜಿ ಮುಟ್ಟಲು ಧೈರ್ಯ ಬರಲಿಲ್ಲ. ನಮ್ಮವರಿಗೂ ಬರಲಿಲ್ಲ, ಅತ್ತೆಗೂ ಬರಲಿಲ್ಲ. ಮೂವರೂ ಒಬ್ಬರಿಗೊಬ್ಬರು ಹೇಳಿಕೊಳ್ಳದೆ ಅದೊಂದನ್ನು ಬಿಟ್ಟು ಬಾಕಿ ಎಲ್ಲ ಮಾಡಿದ್ದೆವು.

ಅತ್ತೆ ಮಹಡಿ ಮೇಲಿನ ವಾರ್ಡಿಗೆ ಹೋಗಿ ಕಿಟಕಿಯನ್ನೇ ಕರೆತಂದರು. ಅವಳ ಕೈಯಲ್ಲಿ ಹಳದಿ ಅಂಗಿ. "ನಮ್ಮತ್ತೆ ಊರಿಂದ ಕಳಿಸಿದ್ದು" ಎಂದಳು. "ನನ್ನವಳು ಇನ್ನೂ ಎ‌ರಡು ಕಿಲೋ ಮುಟ್ಟಿಲ್ಲ, ಇದರೊಳಗೆ ಹಾಕಿದ್ರೆ ಕಳೆದೇ ಹೋಗ್ತಾಳೆ. ಇವಳು ಹಾಕ್ಕೊಂಡು ಬೆಳೀಲಿ. ಆಮೇಲೆ ನನ್ನವಳಿಗೆ ಕೊಡಿ."

"ಅಂದ್ರೆ ಅಕ್ಕನಿಗೆ ತಂಗಿಯ ಹಳೇ ಬಟ್ಟೆ!" ಎಂದರು ನಮ್ಮವರು. ಕಿಟಕಿ ಗೋಡೆಗೆ ಒರಗಿಕೊಂಡು ನಕ್ಕಳು. ವಿಚಿತ್ರ ಸುದ್ದಿ ಎಂದು ಅಲ್ಲೇ ಗ್ರೂಪಿಗೆ ಹಾಕಿದರು. ಕಾಜಕ್ಕ ಇದೊಂದನ್ನು ಮಾತ್ರ ನಂಬಲಿಲ್ಲ, ಫೋಟೋ ಕೇಳಿದಳು.

ಹಳದಿ ಅಂಗಿಯಲ್ಲಿ ಮಲಗಿದ್ದಾಳೆ. ಅಂಗಿಯ ಕೆಲಸ ಏನೇನೂ ಚೆನ್ನಾಗಿಲ್ಲ. ಭುಜದ ಹೊಲಿಗೆ ಓರೆ, ಕಂಕುಳಲ್ಲಿ ಬಿಗಿ, ಅಂಚು ಮಡಚಿದವರಿಗೆ ಎಲ್ಲಿಗೋ ಹೋಗುವ ಅವಸರ ಇದ್ದಿರಬೇಕು. ನೋಡಿ ನೋಡಿ ತಡೆಯಲಾಗಲಿಲ್ಲ. ಸಂಜೆ ಬರುವಾಗ ಟೇಪು, ಕತ್ತರಿ, ಬಿಳಿ ದಾರ, ಮೆಷಿನ್ನಿನ ಪಕ್ಕದ ಕಪಾಟಿನಲ್ಲಿರುವ ಮೆತ್ತನೆಯ ಹತ್ತಿ ಬಟ್ಟೆ ತನ್ನಿ ಎಂದು ನಮ್ಮವರಿಗೆ ಹೇಳಿದೆ. ಟೇಪು ಬರುವವರೆಗೂ ಕಾಯದೆ ಗೇಣಿನಲ್ಲೇ ಅಳೆದೆ. ಅತ್ತೆ ಪಕ್ಕದಲ್ಲಿ ಕೂತು ನಾನು ಹೇಳಿದ್ದನ್ನು ಈ ಪುಟದ ಕೊನೆಯಲ್ಲಿ ತಮ್ಮ ಕೈಯಾರೆ ಬರೆದುಕೊಟ್ಟರು.

ಎದೆ ಹದಿಮೂರು. ಉದ್ದ ಹನ್ನೊಂದು. ತೋಳು ಐದೂವರೆ. ಒಳಗೆ ಎರಡಿಂಚು ಬಟ್ಟೆ ಬಿಡುವುದು, ಬೆಳೆಯುವ ಮಗು.